ನೀರಿಗೆ ಬಲೆ ಹೆಣೆಯುವ ಶಾಸ್ತ್ರ

(ಸಂಸ್ಥೆಯ ವಿಜ್ಞಾನ ದಿನದ ಸಭೆಯಲ್ಲಿ ಮಾಡಿದ ಭಾಷಣ)



ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮರು ಈ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದರು. ನೀರನ್ನು ತಡೆದು ನಿಲ್ಲಿಸುವದು ಪೂಜೆಗೆ ಸಮನಾದ ಕಾರ್ಯವೆಂದು ಬಗೆದ ನೆಲ ನಮ್ಮದು. ಆದುದರಿಂದ ಸೊಲ್ಲಾಪುರ, ಅಕ್ಕಲಕೋಟೆಗಳ ಜನರ ಮುಂದೆ ನೀರಿನ ಮಾತನ್ನು ಎತ್ತಲು ನಮಗೆ ಸಂಕೋಚವಿಲ್ಲ. ನಿಂತ ನೀರಿನ ಲೆಕ್ಕವನ್ನು ಏಳನೆಯ ಇಯತ್ತೆಯ ಹುಡುಗನೂ ಮಾಡಬಲ್ಲನು. ಉದ್ದ, ಅಗಲ, ಆಳಗಳನ್ನು ಗುಣಿಸಿದರೆ ಮುಗಿಯಿತು. ಹರಿಯುವ ನೀರಿನ ಲೆಕ್ಕ ಹಾಗಲ್ಲ. ಅದು ಕಲ್ಲಿಗೆ ಬಡಿದು ಸೀಳುತ್ತದೆ, ಸೇತುವೆಯ ಕಂಬದ ಹಿಂದೆ ಸುಳಿಯಾಗುತ್ತದೆ, ಇಕ್ಕಟ್ಟಿನಲ್ಲಿ ಓಡಿ ಬಯಲಿನಲ್ಲಿ ಮೈಚಾಚುತ್ತದೆ. ಇಂಥ ನೀರನ್ನು ಲೆಕ್ಕದೊಳಗೆ ಹಿಡಿಯುವದಕ್ಕಾಗಿ ವಿಜ್ಞಾನಿಗಳು ಹೆಣೆಯುವ ಒಂದು ಬಗೆಯ ಬಲೆಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಇಂಗ್ಲಿಷಿನವರು ಅದನ್ನು ಮೆಶ್ ಎನ್ನುತ್ತಾರೆ. ನಾವು ಬಲೆ ಎಂದೇ ಕರೆಯೋಣ. ಬಲೆಗೆ ಕಣ್ಣುಗಳಿರುತ್ತವೆ, ಗಂಟುಗಳಿರುತ್ತವೆ. ಈ ಶಾಸ್ತ್ರಕ್ಕೆ ಬೇಕಾದ ಮುಖ್ಯ ಪರಿಭಾಷೆಯೂ ಇಷ್ಟೆ.

ಹರಿವಿನ ನಿಯಮಗಳು ತಿಳಿಯದೆ ಈ ತೊಡಕು ಬಂದುದಲ್ಲ. ಆಯ್ಲರನು ೧೭೫೭ರಲ್ಲಿ ಹರಿಯುವ ದ್ರವದ ಸಮೀಕರಣಗಳನ್ನು ಪ್ರಕಟಿಸಿದನು. ದ್ರವದ ಒಳಗಿನ ಅಂಟುಗುಣವನ್ನು ೧೮೨೨ರಲ್ಲಿ ಫ್ರಾನ್ಸಿನ ನಾವಿಯೇ ಎಂಬವನೂ ೧೮೪೫ರಲ್ಲಿ ಸ್ಟೋಕ್ಸ್ ಎಂಬವನೂ ಅವುಗಳಲ್ಲಿ ಸೇರಿಸಿದರು. ಆ ಸಮೀಕರಣಗಳನ್ನು ಕಾಗದದ ಮೇಲೆ ಪೂರ್ತಿಯಾಗಿ ಬಿಡಿಸಲು ಬರುವದು ನೆಟ್ಟಗಿನ ಕೊಳವೆಯಂಥ ಕೆಲವೇ ಸರಳ ಆಕೃತಿಗಳಿಗೆ. ಬೋರಿ ನದಿಯ ತಿರುವಿಗೆ, ಅಣೆಕಟ್ಟಿನ ಬಾಗಿಲಿಗೆ, ವಿಮಾನದ ರೆಕ್ಕೆಗೆ ಅವು ಹಾಗೆ ಬಗ್ಗುವದಿಲ್ಲ.

ಆದುದರಿಂದ ಬುದ್ಧಿವಂತರು ಬೇರೊಂದು ಹಾದಿ ಹಿಡಿದರು. ನೀರು ಹರಿಯುವ ಎಡೆಯನ್ನೆಲ್ಲ ಸಣ್ಣ ಸಣ್ಣ ಕಣ್ಣುಗಳಾಗಿ ಹಂಚುವದು; ಒಂದೊಂದು ಕಣ್ಣಿಗೂ ಒಂದೊಂದು ಖಾತೆ ತೆರೆಯುವದು. ಎಡಗಡೆಯಿಂದ ಎಷ್ಟು ನೀರು ಬಂತು, ಬಲಗಡೆಗೆ ಎಷ್ಟು ಹೋಯಿತು, ಒಳಗೆ ಎಷ್ಟು ಉಳಿಯಿತು? ವೇಗದ ಪಾಲೆಷ್ಟು, ಒತ್ತಡದ ಪಾಲೆಷ್ಟು? ಕಿರಾಣಿ ಅಂಗಡಿಯ ಕೀರ್ದಿಯಲ್ಲಿ ಜಮೆ, ಖರ್ಚು, ಶಿಲ್ಕು ತಾಳೆಯಾಗುವಂತೆ ಪ್ರತಿಯೊಂದು ಕಣ್ಣಿನ ಲೆಕ್ಕವೂ ತಾಳೆಯಾಗಬೇಕು. ಒಂದು ಕಣ್ಣಿನ ಖರ್ಚು ಪಕ್ಕದ ಕಣ್ಣಿನ ಜಮೆಯಾಗುವದರಿಂದ ನೀರಿನ ಒಂದು ಹನಿಯೂ ಲೆಕ್ಕ ತಪ್ಪಿ ಹೋಗುವಂತಿಲ್ಲ. ಇಂಥ ಲಕ್ಷಾಂತರ ಖಾತೆಗಳನ್ನು ಕ್ಷಣಕ್ಷಣಕ್ಕೂ ಬರೆಯುತ್ತ ಹೋಗುವ ಗುಮಾಸ್ತನೇ ಗಣಕಯಂತ್ರ.

ಈ ಯಂತ್ರ ಹುಟ್ಟುವದಕ್ಕೆ ಮುಂಚೆಯೇ ಒಬ್ಬ ಮಹಾನುಭಾವನು ಇದನ್ನು ಕೈಲೆಕ್ಕದಿಂದ ಮಾಡಿ ನೋಡಿದನು. ಅವನು ಲೂಯಿ ಫ್ರೈ ರಿಚರ್ಡ್‌ಸನ್. ಕಲ್ಲಿನ ಅಣೆಕಟ್ಟಿನೊಳಗೆ ಹುಟ್ಟುವ ಒತ್ತಡಗಳನ್ನು ಚೌಕಗಳ ಮೇಲಿನ ಅಂಕಗಣಿತದಿಂದ ಕಂಡುಹಿಡಿಯುವ ಬಗೆಯನ್ನು ಅವನು ೧೯೧೦ರ ಸುಮಾರಿಗೆ ತೋರಿಸಿದ್ದನು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳ ಗಾಡಿ ನಡೆಸುತ್ತಿದ್ದಾಗಲೂ ಈ ಕೆಲಸ ಬಿಡಲಿಲ್ಲ. ಮಧ್ಯ ಯುರೋಪಿನ ಮೇಲೆ ಸುಮಾರು ೨೦೦ ಕಿಲೊಮೀಟರು ಅಗಲದ ಚೌಕಗಳನ್ನು ಹಾಸಿ, ೧೯೧೦ರ ಮೇ ೨೦ರ ಹವೆಯನ್ನು ಕೇವಲ ಆರು ತಾಸುಗಳ ಮಟ್ಟಿಗೆ ಎಣಿಸಿದನು. ಆರು ತಾಸಿನ ಎಣಿಕೆಗೆ ವಾರಗಟ್ಟಲೆ ಕಾಲ ಹಿಡಿಯಿತು. ಬಂದ ಉತ್ತರವಾದರೂ ಏನು? ವಾಯುವಿನ ಒತ್ತಡ ೧೪೫ ಮಿಲಿಬಾರ್‌ನಷ್ಟು ಏರಿತೆಂದು! ಆ ದಿನ ಅದು ಬಹುಮಟ್ಟಿಗೆ ಅಲುಗದೆ ನಿಂತಿತ್ತು. ಆರಂಭಕ್ಕೆ ತೆಗೆದುಕೊಂಡ ಗಾಳಿ ಮತ್ತು ಒತ್ತಡದ ಅಂಕಿಗಳು ಒಂದಕ್ಕೊಂದು ಹೊಂದದೆ ಇದ್ದುದೇ ಈ ತಪ್ಪಿನ ಕಾರಣ. ರಿಚರ್ಡ್‌ಸನ್ನನು ಇದನ್ನು ಮುಚ್ಚಿಡದೆ ೧೯೨೨ರ ತನ್ನ ಗ್ರಂಥದಲ್ಲಿ ಅಚ್ಚು ಹಾಕಿಸಿದನು. ಇಂದಿನ ಹವಾಮಾನದ ಮುನ್ಸೂಚನೆ ನಿಂತಿರುವದು ಅವನು ಹಾಕಿದ ಅಡಿಪಾಯದ ಮೇಲೆಯೇ.

ಈಗ ಬಲೆಯ ಹೆಣಿಗೆಯನ್ನು ನೋಡೋಣ. ಇದನ್ನು ಸೊಲ್ಲಾಪುರದವರಿಗೆ ತಿಳಿಸುವದು ಸುಲಭ. ಮಗ್ಗದ ಮೇಲೆ ಹಾಸಿಗೆ ಹೊಕ್ಕು ಅಡ್ಡಬಂದು ಚಾದರು ಸಿದ್ಧವಾಗುತ್ತದೆ. ಪ್ರತಿಯೊಂದು ಹೊಕ್ಕಿಗೂ ಹಾಸಿಗೂ ಕ್ರಮಸಂಖ್ಯೆಯುಂಟು. ಇಷ್ಟನೆಯ ಹಾಸು, ಇಷ್ಟನೆಯ ಹೊಕ್ಕು ಎಂದರೆ ಸಾಕು, ಆ ಎಳೆಗಳು ಕೂಡುವ ಠಾವು ಗೊತ್ತಾಗುತ್ತದೆ. ಬಲೆಗಳಲ್ಲಿ ಒಂದು ಜಾತಿ ಹೀಗೆಯೇ ಸಾಲುಸಾಲಾಗಿರುತ್ತದೆ. ಗಣಕಯಂತ್ರಕ್ಕೆ ಇದು ಬಹು ಪ್ರಿಯ. ನೆರೆಯ ಕಣ್ಣು ಯಾವುದೆಂದು ಹುಡುಕಬೇಕಾಗಿಲ್ಲ. ಆದರೆ ಇದೇ ಚಾದರನ್ನು ಒಂದು ಕೊಡದ ಮೇಲೆ ಹೊದಿಸಿ ನೋಡಿರಿ. ಹೊಟ್ಟೆಯ ಮೇಲೆ ಎಳೆಗಳು ಸೆಳೆದು ನಿಲ್ಲುತ್ತವೆ, ಕೊರಳಿನ ಹತ್ತಿರ ನಿರಿಗೆಗಟ್ಟುತ್ತವೆ. ಬಾಗಿದ ಮೈಗೆ ಒಪ್ಪುವಂತೆ ಹಾಸುಹೊಕ್ಕುಗಳನ್ನೇ ಬಾಗಿಸಿ ನೆಯ್ಯುವ ಗಣಿತವನ್ನು ೧೯೭೪ರಲ್ಲಿ ಅಮೆರಿಕೆಯ ಜೋ ಥಾಂಪ್ಸನ್ ಮತ್ತು ಅವರ ಸಂಗಡಿಗರು ಬೆಳೆಸಿದರು. ಆದರೂ ಆಕೃತಿ ತೀರ ಅಂಕುಡೊಂಕಾದರೆ ಚಾದರು ಸಾಲದು.

ಆಗ ನಮ್ಮ ಅಜ್ಜಿಯಂದಿರ ಕೌದಿ ನೆನಪಾಗಬೇಕು. ಕೌದಿಯಲ್ಲಿ ಹಾಸುಹೊಕ್ಕಿನ ಸಾಲಿಲ್ಲ. ಎಲ್ಲಿ ಎಂಥ ತುಂಡು ಹೊಂದುವದೋ ಅಲ್ಲಿ ಅಂಥದನ್ನು ಇಟ್ಟು ಹೊಲಿಯುತ್ತಾರೆ. ಎರಡನೆಯ ಜಾತಿಯ ಬಲೆ ಈ ಬಗೆಯದು. ತ್ರಿಕೋಣಗಳನ್ನೋ, ನಾಲ್ಕು ಮುಖದ ಘನಗಳನ್ನೋ ಜೋಡಿಸಿ ಎಂಥ ಮೂಲೆಯನ್ನಾದರೂ ತುಂಬಬಹುದು. ಆದರೆ ಯಾವ ತುಂಡಿಗೆ ಯಾವ ತುಂಡು ನೆರೆಯೆಂಬುದನ್ನು ಗಣಕಯಂತ್ರವು ಪಟ್ಟಿ ಬರೆದಿಟ್ಟುಕೊಳ್ಳಬೇಕು. ಅದಕ್ಕೆ ನೆನಪು ಹೆಚ್ಚು ಬೇಕು, ಹೊತ್ತೂ ಹೆಚ್ಚು ಬೇಕು.

ಚುಕ್ಕೆಗಳನ್ನು ಕೂಡಿಸಿ ತ್ರಿಕೋಣ ಮಾಡುವಾಗ ಹತ್ತಾರು ಬಗೆಯಿಂದ ಕೂಡಿಸಬಹುದಷ್ಟೆ? ಯಾವುದು ಒಳ್ಳೆಯದು? ವಿದ್ಯಾರ್ಥಿಗಳು ಇಲ್ಲಿ ಲಕ್ಷ್ಯಗೊಡಬೇಕು. ತ್ರಿಕೋಣದ ಮೂರು ಶೃಂಗಗಳ ಮೂಲಕ ಹಾಯುವ ಪರಿವೃತ್ತವನ್ನು ನೀವು ಕೈವಾರದಿಂದ ಎಳೆದಿದ್ದೀರಿ. ಪರೀಕ್ಷೆ ಮುಗಿದ ಮೇಲೆ ಇದರಿಂದ ಏನು ಪ್ರಯೋಜನವೆಂದು ಕೇಳಿಯೂ ಇರಬಹುದು. ರಶಿಯದ ಗಣಿತಜ್ಞ ಬೋರಿಸ್ ಡೆಲೋನೆ ೧೯೩೪ರಲ್ಲಿ ಕೊಟ್ಟ ಕಟ್ಟಳೆ ಇದು: ಯಾವ ತ್ರಿಕೋಣದ ಪರಿವೃತ್ತದೊಳಗೂ ಬೇರೊಂದು ಚುಕ್ಕೆ ಬೀಳಬಾರದು. ಹೀಗೆ ಜೋಡಿಸಿದರೆ, ಅವೇ ಚುಕ್ಕೆಗಳಿಂದ ಆಗಬಹುದಾದ ಎಲ್ಲ ಜೋಡಣೆಗಳಲ್ಲಿ ಅತಿ ಸಣ್ಣ ಕೋನವು ಸಾಧ್ಯವಾದಷ್ಟು ದೊಡ್ಡದಾಗುತ್ತದೆ; ಸೂಜಿಯಂಥ ಚೂಪು ತ್ರಿಕೋಣಗಳು ಕಡಿಮೆಯಾಗುತ್ತವೆ. ಜಗತ್ತಿನಲ್ಲಿ ಇಂದು ಯಂತ್ರಗಳು ಹೆಣೆಯುವ ಅಸಂಖ್ಯ ಬಲೆಗಳ ಹಿಂದೆ ನಿಮ್ಮ ಪಾಠದ ಪರಿವೃತ್ತವಿದೆ.

ಕಣ್ಣುಗಳೆಲ್ಲ ಒಂದೇ ಅಳತೆಯವು ಇರಬೇಕೆಂದಿಲ್ಲ. ಗೋಡೆಗೆ ತಗಲಿದ ನೀರು ನಿಂತೇ ಇರುತ್ತದೆ; ಸ್ವಲ್ಪ ಆಚೆಗೆ ಅದು ಓಡುತ್ತದೆ. ಈ ನಡುವಿನ ತೆಳುವಾದ ಪದರಿನ ಮಹತ್ವವನ್ನು ೧೯೦೪ರಲ್ಲಿ ಜರ್ಮನಿಯ ಪ್ರಾಂಟ್ಲ್ ತೋರಿಸಿಕೊಟ್ಟನು. ಆದುದರಿಂದ ಗೋಡೆಯ ಬದಿಗೆ ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರುಪದರಾಗಿ ತೆಳ್ಳನೆಯ ಕಣ್ಣುಗಳನ್ನು ಇಡುತ್ತಾರೆ. ದೂರದಲ್ಲಿ ದೊಡ್ಡ ಕಣ್ಣು ಸಾಕು. ಸಣ್ಣದರಿಂದ ದೊಡ್ಡದಕ್ಕೆ ಒಮ್ಮೆಲೆ ಹಾರಬಾರದು, ಮೆಲ್ಲಮೆಲ್ಲನೆ ಬೆಳೆಸುತ್ತ ಹೋಗಬೇಕು. ಕಣ್ಣು ತೀರ ಓರೆಯಾಗಿರಬಾರದು. ಆಕೃತಿಯ ನಕ್ಷೆಯಲ್ಲಿ ಎರಡು ಗೋಡೆಗಳು ಕೂಡುವಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಲೆಕ್ಕದ ನೀರು ಅಲ್ಲಿಂದ ಸೋರಿಹೋಗುತ್ತದೆ. ಇಂಥ ಸಂದುಗಳನ್ನು ಹುಡುಕಿ ಹೊಲಿಯುವದರಲ್ಲಿಯೇ ಬಲೆ ಹೆಣೆಯುವವನ ಬಹಳಷ್ಟು ದಿನಗಳು ಕಳೆಯುತ್ತವೆ.

ಇಷ್ಟೆಲ್ಲ ಏಕೆ, ಎಲ್ಲ ಕಡೆಗೂ ಸಣ್ಣ ಕಣ್ಣನ್ನೇ ಇಟ್ಟರಾಗದೆ ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ಅಂಕಿಗಳೇ ಹೇಳಲಿ. ನದಿಯ ಕಣಿವೆಯೊಂದು ೩೦ ಕಿಲೊಮೀಟರು ಉದ್ದ, ೨ ಕಿಲೊಮೀಟರು ಅಗಲ ಇದೆಯೆಂದು ಭಾವಿಸೋಣ. ೩೦ ಮೀಟರಿನ ಚೌಕಗಳಿಂದ ಅದನ್ನು ಮುಚ್ಚಲು ಸುಮಾರು ೬೭,೦೦೦ ಕಣ್ಣುಗಳು ಸಾಕು. ೫ ಮೀಟರಿನ ಚೌಕಗಳಾದರೆ ೨೪ ಲಕ್ಷ ಬೇಕು, ಎಂದರೆ ೩೬ ಪಟ್ಟು. ಅಷ್ಟಕ್ಕೇ ಮುಗಿಯಲಿಲ್ಲ. ಲೆಕ್ಕದ ಒಂದು ಹೆಜ್ಜೆಯಲ್ಲಿ ನೀರಿನ ತೆರೆಯು ಒಂದು ಕಣ್ಣಿಗಿಂತ ಹೆಚ್ಚು ದೂರ ಹಾರಬಾರದೆಂಬ ನಿಯಮವನ್ನು ೧೯೨೮ರಲ್ಲಿ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಕಂಡುಹಿಡಿದರು. ತೆರೆಯು ಸೆಕೆಂಡಿಗೆ ೧೦ ಮೀಟರು ಓಡುವದಾದರೆ ದೊಡ್ಡ ಕಣ್ಣಿಗೆ ಮೂರು ಸೆಕೆಂಡಿನ ಹೆಜ್ಜೆ ನಡೆದೀತು. ಸಣ್ಣ ಕಣ್ಣಿಗೆ ಅರ್ಧ ಸೆಕೆಂಡು ಮಾತ್ರ. ಹೆಜ್ಜೆಗಳು ೬ ಪಟ್ಟಾದವು; ಒಟ್ಟು ದುಡಿತ ೨೧೬ ಪಟ್ಟಾಯಿತು. ಪ್ರವಾಹ ಬಂದು ಇಳಿದ ಮೇಲೆ ಮುನ್ಸೂಚನೆ ಕೈಗೆ ಬಂದರೆ ಅದರಿಂದ ಯಾರಿಗೆ ಹಿತ? ಎಲ್ಲಿ ಕಣ್ಣು ಸಣ್ಣದಿರಬೇಕು, ಎಲ್ಲಿ ದೊಡ್ಡದು ಸಾಕು ಎಂಬ ವಿವೇಕವೇ ಈ ವಿದ್ಯೆಯ ಜೀವಾಳ.

ಈ ವಿವೇಕಕ್ಕೆ ನಮ್ಮ ನೆರೆಯಲ್ಲಿಯೇ ಒಂದು ಸೊಗಸಾದ ಉದಾಹರಣೆಯಿದೆ. ಇಲ್ಲಿಂದ ಪೂರ್ವಕ್ಕಿರುವ ನಳದುರ್ಗದ ಕೋಟೆಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಇಮ್ಮಡಿ ಇಬ್ರಾಹಿಮ ಆದಿಲಶಾಹನ ಕಾಲದಲ್ಲಿ ಅಲ್ಲಿ ಬೋರಿ ನದಿಗೆ ಕಲ್ಲಿನ ಕಟ್ಟೆ ಕಟ್ಟಿ, ಆ ಕಟ್ಟೆಯ ಒಡಲಿನಲ್ಲಿಯೇ ಪಾಣಿಮಹಲನ್ನು ರಚಿಸಿದರು. ಮಳೆಗಾಲದಲ್ಲಿ ನದಿ ತುಂಬಿದಾಗ ನರ, ಮಾದಿ ಎಂಬ ಎರಡು ಧಾರೆಗಳು ಕಟ್ಟೆಯ ಮೇಲಿಂದ ಧುಮುಕುತ್ತವೆ. ಮಹಲಿನೊಳಗೆ ನಿಂತವನು ಮೈ ತೋಯಿಸಿಕೊಳ್ಳದೆ ಕಣ್ಣೆದುರಿಗೆ ಆ ನೀರಿನ ತೆರೆಯನ್ನು ನೋಡಬಹುದು. ಈ ಹರಿವನ್ನು ಗಣಕಯಂತ್ರದಲ್ಲಿ ಮೂಡಿಸಬೇಕಾದರೆ ಬಲೆ ಹೇಗಿರಬೇಕು? ಕಟ್ಟೆಯ ಹಿಂದೆ ನಿಧಾನವಾಗಿ ನಿಂತ ನೀರಿಗೆ ದೊಡ್ಡ ಕಣ್ಣು ಸಾಕು. ನೀರು ಕಲ್ಲನ್ನು ಬಿಟ್ಟು ಗಾಳಿಗೆ ಹಾರುವ ಅಂಚಿನಲ್ಲಿ, ತೆಳ್ಳಗೆ ಬೀಳುವ ಧಾರೆಯ ಉದ್ದಕ್ಕೂ ಕಣ್ಣುಗಳು ಬಹಳ ಕಿರಿದಾಗಬೇಕು. ಇಲ್ಲಿ ನೀರೂ ಗಾಳಿಯೂ ಕೂಡಿಯೇ ಇವೆ. ಹರ್ಟ್ ಮತ್ತು ನಿಕೊಲ್ಸ್ ಎಂಬವರು ೧೯೮೧ರಲ್ಲಿ ವಿವರಿಸಿದ ಉಪಾಯದಂತೆ ಪ್ರತಿಯೊಂದು ಕಣ್ಣಿಗೂ ಸೊನ್ನೆಯಿಂದ ಒಂದರವರೆಗಿನ ಒಂದು ಅಂಕ ಕೊಡುತ್ತಾರೆ; ಸೊನ್ನೆಯಾದರೆ ಬರಿಯ ಗಾಳಿ, ಒಂದಾದರೆ ತುಂಬು ನೀರು, ನಡುವಿನದಾದರೆ ಅಲ್ಲಿ ನೀರಿನ ಮೈ ಇದೆ. ಧಾರೆಗಿಂತ ಕಣ್ಣು ದಪ್ಪವಾದರೆ ಧಾರೆ ಮಂಜಿನಂತೆ ಕದಡಿಹೋಗುತ್ತದೆ. ಆಗ ಯಂತ್ರವು ಮಹಲಿನ ಕಿಟಕಿಯೊಳಗೂ ನೀರು ಬಂದಿತೆಂದು ಹೇಳೀತು! ಹಳೆಯ ಶಿಲ್ಪಿಯು ಸರಿಯಾಗಿ ಕಟ್ಟಿದ್ದನ್ನು ನಮ್ಮ ದಪ್ಪ ಬಲೆಯು ತಪ್ಪೆಂದು ತೀರ್ಪು ಕೊಟ್ಟಂತಾಗುವದು.

ನಳದುರ್ಗದಿಂದ ಇಳಿದ ಬೋರಿಯು ಅಕ್ಕಲಕೋಟೆ ತಾಲೂಕಿಗೆ ಬಂದು, ಕುರನೂರ ಅಣೆಕಟ್ಟನ್ನು ತುಂಬಿ, ಮುಂದೆ ಭೀಮೆಯನ್ನು ಸೇರುತ್ತದೆ. ೨೦೨೦ರ ಅಕ್ಟೋಬರ ಮಧ್ಯದಲ್ಲಿ ಈ ನದಿ ಉಕ್ಕಿ ತಾಲೂಕಿನ ಹಳ್ಳಿಗಳಿಗೆ ನೀರು ನುಗ್ಗಿದುದನ್ನು ಇಲ್ಲಿ ಕುಳಿತವರಿಗೆ ನಾವು ಹೇಳಬೇಕಾಗಿಲ್ಲ. ೨೦೨೫ರ ಸಪ್ಟೆಂಬರಿನಲ್ಲಿ ಸೀನಾ ನದಿಯು ಮಾಢಾ, ಮೋಹೋಳ ಮೊದಲಾದ ಕಡೆಗಳಲ್ಲಿ ಅದೇ ಪಾಡನ್ನು ತಂದಿತು. ಎಷ್ಟು ಮಳೆಗೆ ಯಾವ ಓಣಿಯವರೆಗೆ ನೀರು ಬಂದೀತೆಂದು ಮುಂಚಿತವಾಗಿ ತಿಳಿದರೆ ಜೀವಗಳು ಉಳಿಯುತ್ತವೆ, ದನಕರುಗಳು ಉಳಿಯುತ್ತವೆ. ಇಲ್ಲಿ ಬಲೆಯ ಶಾಸ್ತ್ರವು ಪಂಡಿತರ ವಿನೋದವಾಗಿ ಉಳಿಯದೆ ನಮ್ಮ ಮನೆಯ ಹೊಸ್ತಿಲಿಗೆ ಬರುತ್ತದೆ.

ನೆಲದ ಏರುತಗ್ಗುಗಳ ನಕ್ಷೆಯಿಲ್ಲದೆ ಪ್ರವಾಹದ ಬಲೆ ಹೆಣೆಯಲಾಗದು. ೨೦೦೦ದ ಫೆಬ್ರವರಿಯಲ್ಲಿ ಅಮೆರಿಕೆಯ ವ್ಯೋಮನೌಕೆಯೊಂದು ರಾಡಾರಿನಿಂದ ಭೂಮಿಯ ಬಹುಭಾಗದ ಎತ್ತರಗಳನ್ನು ಅಳೆಯಿತು. ಆ ಅಂಕಿಗಳು ಇಂದು ಯಾರಿಗೂ ಪುಕ್ಕಟೆಯಾಗಿ ಸಿಗುತ್ತವೆ. ಅವುಗಳ ಚೌಕ ಸುಮಾರು ೩೦ ಮೀಟರಿನದು. ಈಗ ಹೊಲಗಳ ನಡುವೆ ಆಳೆತ್ತರಕ್ಕೆ ಏರಿಸಿದ, ಏಳೆಂಟು ಮೀಟರು ಅಗಲದ ಒಂದು ರಸ್ತೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ೩೦ ಮೀಟರಿನ ಚೌಕದಲ್ಲಿ ರಸ್ತೆಯ ಎತ್ತರ ಅಕ್ಕಪಕ್ಕದ ಹೊಲದ ಎತ್ತರದೊಡನೆ ಬೆರೆತು ಕರಗಿಹೋಗುತ್ತದೆ. ಲೆಕ್ಕದ ನೀರು ರಸ್ತೆಯೇ ಇಲ್ಲವೆಂಬಂತೆ ಆಚೆಗೆ ಹರಿಯುತ್ತದೆ. ನಿಜದ ನೀರಿಗೆ ಆ ರಸ್ತೆಯೇ ಒಡ್ಡು. ಅದು ಮೇಲ್ಗಡೆಯ ಕೇರಿಯಲ್ಲಿ ತುಂಬಿ ನಿಲ್ಲುತ್ತದೆ. ರಸ್ತೆಯ ಅಡಿಯ ಮೋರಿಯೊಂದೇ ಅದಕ್ಕೆ ಬಾಗಿಲು. ಆ ಮೋರಿಯಲ್ಲಿ ಕಸ, ಜಾಲಿಯ ಟೊಂಗೆ ಸಿಕ್ಕಿಕೊಂಡರೆ ಬಾಗಿಲು ಮುಚ್ಚಿತು. ನಕ್ಷೆಯ ಮೇಲೆ ಬಣ್ಣಬಣ್ಣವಾಗಿ, ನೋಡಲು ಚೆಂದವಾಗಿ ಮೂಡಿದ ಉತ್ತರವು ಆ ಕೇರಿಗೆ ಭಯವಿಲ್ಲವೆಂದು ಹೇಳುತ್ತಿರುತ್ತದೆ; ಕೇರಿಯ ಜನ ಮಾಳಿಗೆ ಹತ್ತಿ ಕುಳಿತಿರುತ್ತಾರೆ.

ಇದಕ್ಕೆ ಮದ್ದು ಉಂಟು. ರಸ್ತೆಯ ಏರಿಯ ಉದ್ದಕ್ಕೂ ಕಣ್ಣುಗಳ ಅಂಚು ಬರುವಂತೆ ಬಲೆಯನ್ನು ಹೆಣೆಯಬೇಕು. ನದಿಯ ಪಾತ್ರದ ಅಗಲಕ್ಕೆ ಕೆಲವಾದರೂ ಕಣ್ಣುಗಳು ಬೀಳುವಂತೆ ನೋಡಿಕೊಳ್ಳಬೇಕು. ಮೋರಿಯನ್ನು ಅದರ ನಿಜವಾದ ಅಳತೆಯೊಡನೆ ಸೇರಿಸಬೇಕು. ಬಳಿಕ ಬಲೆಯನ್ನು ಇನ್ನೂ ಕಿರಿದುಗೊಳಿಸಿ, ಉತ್ತರ ಬದಲಾಗುವದೋ ಇಲ್ಲವೋ ಪರೀಕ್ಷಿಸಬೇಕು. ಬದಲಾಗುತ್ತಿದ್ದರೆ ಆ ಉತ್ತರದಲ್ಲಿ ನೀರಿನ ಮಾತಿಗಿಂತ ಬಲೆಯ ಮಾತೇ ಹೆಚ್ಚೆಂದು ತಿಳಿಯಬೇಕು. ಇವೆಲ್ಲವನ್ನೂ ಮಾಡುವ ಯಂತ್ರಗಳುಂಟು, ಮಾಡಬಲ್ಲ ತಜ್ಞರುಂಟು. ಆದರೆ ಯಾವ ಹಳ್ಳದ ಬಾಯಲ್ಲಿ ಮೋರಿಯಿದೆ, ಯಾವ ಬದುವನ್ನು ಕಳೆದ ವರ್ಷ ಏರಿಸಿದರು ಎಂಬುದನ್ನು ದೂರದ ಊರಿನ ತಜ್ಞನಿಗೆ ಹೇಳುವವರು ಯಾರು? ಬಲೆಯ ಕಣ್ಣಿಗೆ ಬೀಳದುದು ಲೆಕ್ಕಕ್ಕೆ ಬೀಳದು. ಆ ಕಣ್ಣಿಗೆ ಬೀಳಿಸಬಲ್ಲವನು ಆ ನೆಲದಲ್ಲಿ ನಡೆದಾಡುವವನೇ.

ಇನ್ನೊಂದು ಮಾತು ಬಲೆಯ ಕೊನೆಯನ್ನು ಕುರಿತದ್ದು. ಬಲೆ ಎಲ್ಲಿಯಾದರೂ ಮುಗಿಯಲೇಬೇಕಷ್ಟೆ? ರಾಜ್ಯದ ಗಡಿಯಲ್ಲಿಯೇ ಅದನ್ನು ಕತ್ತರಿಸಿದರೆ ಪ್ರಮಾದವಾಗುತ್ತದೆ. ಭೀಮೆ ತುಂಬಿ ಹರಿಯುವಾಗ ಬೋರಿಯ ನೀರು ಮುಂದಕ್ಕೆ ಹೋಗಲಾರದೆ ಹಿಂದಕ್ಕೆ ಒತ್ತುತ್ತದೆ. ಆದುದರಿಂದ ಬಲೆಯು ಸಂಗಮವನ್ನು ದಾಟಿ ಆಚೆಗೂ ಹಬ್ಬಬೇಕು. ಆಚೆಯ ದಂಡೆಯ ದಾಖಲೆಗಳು ಕನ್ನಡದಲ್ಲಿವೆ, ಈಚೆಯವು ಮರಾಠಿಯಲ್ಲಿವೆ. ಎರಡನ್ನೂ ಓದಬಲ್ಲವರು ಯಾರು? ನಮ್ಮ ಈ ಶಾಲೆಯ ಮಕ್ಕಳೇ ಅಲ್ಲವೆ? ದೊಡ್ಡ ಬಲೆಯನ್ನು ಹೋಳುಮಾಡಿ ಹಲವು ಯಂತ್ರಗಳಿಗೆ ಹಂಚುವಾಗಲೂ, ಗಡಿಯ ಕಣ್ಣುಗಳು ಎರಡೂ ಕಡೆಯ ಸುದ್ದಿಯನ್ನು ಹೊತ್ತು ತಂದರೆ ಮಾತ್ರ ಲೆಕ್ಕ ಸಾಗುತ್ತದೆ.

ಈ ವಿದ್ಯೆ ಪರದೇಶದ್ದು, ನಮಗೆ ಎಟುಕದ್ದು ಎಂದು ಯಾರೂ ಅಳುಕಬೇಕಾಗಿಲ್ಲ. ಪುಣೆಯ ಬಳಿಯ ಖಡಕವಾಸಲೆಯಲ್ಲಿ, ೧೯೧೬ರಲ್ಲಿ ಹುಟ್ಟಿದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನ ಕೇಂದ್ರವು ನದಿ, ಅಣೆಕಟ್ಟುಗಳ ಚಿಕ್ಕ ಮಾದರಿಗಳಲ್ಲಿ ನಿಜವಾದ ನೀರು ಹರಿಸಿ ಪರೀಕ್ಷಿಸುತ್ತ ಬಂದಿದೆ. ಗಣಕಯಂತ್ರದ ಮಾದರಿಗಳನ್ನೂ ರಚಿಸುತ್ತದೆ. ಪುಣೆಯಲ್ಲಿ ಹುಟ್ಟಿ ಅಲ್ಲಿಯೇ ಇಂಜಿನಿಯರಿಂಗ್ ಓದಿದ ಸುಹಾಸ ಪಾಟಣಕರರು ತಮ್ಮ ಗುರು ಸ್ಪಾಲ್ಡಿಂಗರೊಡನೆ ೧೯೭೨ರಲ್ಲಿ ಪ್ರಕಟಿಸಿದ, ಕಣ್ಣುಕಣ್ಣಿನಲ್ಲಿ ವೇಗ ಒತ್ತಡಗಳನ್ನು ಹೊಂದಿಸುವ ಕ್ರಮವು ಲೋಕದ ತುಂಬ ಬಳಕೆಯಾಯಿತು. ೧೯೮೦ರ ಅವರ ಗ್ರಂಥವು ಅನೇಕ ದೇಶಗಳಲ್ಲಿ ಪಠ್ಯವಾಯಿತು. ಬೆಂಗಳೂರಿನ ರೊದ್ದಂ ನರಸಿಂಹ ಅವರು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದಾಗ, ೧೯೮೬ರಲ್ಲಿ, ಅಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕಯಂತ್ರ ಸಿದ್ಧವಾಯಿತು. ಹೆಸರೇ ಹೇಳುವಂತೆ ಅದು ಹರಿವಿನ ಲೆಕ್ಕ ಬಿಡಿಸುವದಕ್ಕೆಂದು ಹುಟ್ಟಿದ ಯಂತ್ರ.

ಕೊನೆಗೆ ನಮ್ಮ ಸಂಸ್ಥೆಯ ಮುಂದೆ ಒಂದು ಬಿನ್ನಹವನ್ನಿಡುತ್ತೇವೆ. ಪ್ರವಾಹ ಇಳಿದು ಹೋದ ಮೇಲೆ ಗೋಡೆಗಳ ಮೇಲೆ, ಗುಡಿಯ ಕಂಬಗಳ ಮೇಲೆ ನೀರಿನ ಗೆರೆ ಉಳಿಯುತ್ತದೆ. ಬಲೆಯ ಲೆಕ್ಕ ನಿಜವೋ ಸುಳ್ಳೋ ಎಂದು ಒರೆಹಚ್ಚಲು ಆ ಗೆರೆಗಿಂತ ಮಿಗಿಲಾದ ಸಾಕ್ಷಿಯಿಲ್ಲ. ಆದರೆ ದೀಪಾವಳಿಗೋ ಜಾತ್ರೆಗೋ ಮನೆಗೆ ಸುಣ್ಣ ಬಳಿದೊಡನೆ ಆ ಸಾಕ್ಷಿ ಅಳಿದುಹೋಗುತ್ತದೆ. ಮೇಲಿನ ವರ್ಗದ ವಿದ್ಯಾರ್ಥಿಗಳು ಗುರುಗಳ ಸಂಗಡ ತಮ್ಮ ತಮ್ಮ ಹಳ್ಳಿಗಳಲ್ಲಿ ಉಳಿದಿರುವ ಗೆರೆಗಳ ಎತ್ತರವನ್ನು ಟೇಪು ಹಿಡಿದು ಅಳೆಯಲಿ. ಅಳಿದ ಕಡೆಗಳಲ್ಲಿ ನೀರು ಎಲ್ಲಿಗೆ ಬಂದಿತ್ತೆಂದು ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ಮೋರಿ, ಸೇತುವೆ, ರಸ್ತೆಯ ಏರಿಗಳ ಅಗಲ ಎತ್ತರಗಳನ್ನೂ ಅದೇ ವಹಿಯಲ್ಲಿ ದಾಖಲಿಸಲಿ. ಒಂದು ಟೇಪು, ಒಂದು ವಹಿ, ನಾಲ್ಕು ರವಿವಾರಗಳು. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಆ ವಹಿಯನ್ನು ಶಾಲೆಯ ಕಪಾಟಿನಲ್ಲಿ ಕಾಯ್ದಿಡೋಣ. ಮುಂದೊಂದು ದಿನ ಬೋರಿಯ ಬಲೆ ಹೆಣೆಯಲು ಬರುವ ತಜ್ಞನಿಗೆ ಅದು ಬೆಲೆಯಿಲ್ಲದ ಬೆಲೆಯದಾಗುವದು. ಆ ತಜ್ಞನು ಇದೇ ಶಾಲೆಯ ಬೆಂಚಿನ ಮೇಲೆ ಕುಳಿತು ಪರಿವೃತ್ತ ಎಳೆದವನೋ ಎಳೆದವಳೋ ಆಗಲೆಂದು ಹಾರೈಸುತ್ತೇವೆ.